ಹಾನ, ಉಪಾದಾನ, ಉಪೇಕ್ಷೆ: ಜೈನ ಪ್ರಮಾಣಶಾಸ್ತ್ರದಲ್ಲಿ ಜ್ಞಾನದ ಪ್ರಯೋಜನ

ದಿಗಂಬರ ಪರಂಪರೆಯ ನ್ಯಾಯಶಾಸ್ತ್ರಕ್ಕೆ ಸೂತ್ರರೂಪವನ್ನು ಕೊಟ್ಟವರು ಮಾಣಿಕ್ಯನಂದಿ ಆಚಾರ್ಯರು. ಅವರ ‘ಪರೀಕ್ಷಾಮುಖ’ ಆರು ಸಮುದ್ದೇಶಗಳ ಪುಟ್ಟ ಗ್ರಂಥ. ಅದರ ಮೊದಲ ಸೂತ್ರ ಪ್ರಮಾಣದ ಲಕ್ಷಣವನ್ನು ಹೇಳುತ್ತದೆ: ತನ್ನನ್ನೂ, ಹಿಂದೆ ನಿಶ್ಚಯವಾಗಿರದ ವಸ್ತುವನ್ನೂ ನಿಶ್ಚಯಿಸುವ ಜ್ಞಾನವೇ ಪ್ರಮಾಣ. ಲಕ್ಷಣವನ್ನು ಹೇಳಿದ ಮೇಲೆ ವಿಭಾಗವನ್ನು ಹೇಳುವುದು ಶಾಸ್ತ್ರಕಾರರ ರೂಢಿ. ಮಾಣಿಕ್ಯನಂದಿಗಳು ಹಾಗೆ ಮಾಡುವುದಿಲ್ಲ. ಪ್ರತ್ಯಕ್ಷ, ಪರೋಕ್ಷ ಎಂಬ ವಿಭಾಗ ಎರಡನೆಯ ಸಮುದ್ದೇಶದವರೆಗೆ ಕಾಯಬೇಕು. ಎರಡನೆಯ ಸೂತ್ರದಲ್ಲಿ ಅವರು ತಿರುಗುವುದು ಮನುಷ್ಯನ ಬಾಳಿನ ಕಡೆಗೆ. ಹಿತವಾದುದನ್ನು ಪಡೆಯಲು, ಅಹಿತವಾದುದನ್ನು ದೂರವಿಡಲು ಸಮರ್ಥವಾದುದು ಯಾವುದೋ ಅದು ಪ್ರಮಾಣ. ಆದ್ದರಿಂದಲೇ ಅದು ಜ್ಞಾನವಾಗಿರಬೇಕು ಎಂಬುದು ಅದರ ತಾತ್ಪರ್ಯ.

ಈ ಎರಡನೆಯ ಸೂತ್ರವನ್ನು ಎತ್ತಿಕೊಂಡು ಜೈನ ಪ್ರಮಾಣಶಾಸ್ತ್ರವನ್ನು ‘ಪ್ರಾಗ್ಮ್ಯಾಟಿಸಂ’ ಎಂದು, ಅಂದರೆ ಪ್ರಯೋಜನವನ್ನೇ ಸತ್ಯದ ಅಳತೆಗೋಲಾಗಿ ಇಟ್ಟುಕೊಂಡ ಸಿದ್ಧಾಂತವೆಂದು ಕರೆಯುವ ಬರಹಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಇದಕ್ಕೆ ಎದುರಾಗಿ, ಜೈನ ದರ್ಶನ ಪೂರ್ಣವಾಗಿ ಮೋಕ್ಷಪರವಾದುದು, ಲೋಕವ್ಯವಹಾರದ ಮಾತಿಗೆ ಅದರಲ್ಲಿ ಎಡೆಯಿಲ್ಲ ಎನ್ನುವವರೂ ಇದ್ದಾರೆ. ಎರಡೂ ಅಭಿಪ್ರಾಯಗಳು ಮೂಲಗ್ರಂಥಗಳ ಮುಂದೆ ನಿಲ್ಲುವುದಿಲ್ಲವೆಂದು ನನಗೆ ತೋರುತ್ತದೆ. ಸುಮಾರು ಐದು ನೂರು ವರ್ಷಗಳ ವಾದವಿವಾದ ಆ ಒಂದು ಸೂತ್ರದ ಹಿಂದೆ ಇದೆ. ಅದನ್ನು ಬಿಡಿಸಿ ನೋಡದೆ ಸೂತ್ರದ ಬೆಲೆ ತಿಳಿಯುವುದಿಲ್ಲ.

ಕಾಲದ ಮಾತನ್ನು ಮೊದಲು ಮುಗಿಸಿಬಿಡೋಣ. ಮಾಣಿಕ್ಯನಂದಿಗಳು ಮಾಳವದ ಧಾರಾನಗರದಲ್ಲಿದ್ದವರು. ಅವರ ಶಿಷ್ಯ ನಯನಂದಿ ತನ್ನ ಅಪಭ್ರಂಶ ಕಾವ್ಯ ‘ಸುದಂಸಣಚರಿಉ’ವನ್ನು ಭೋಜನ ಆಳ್ವಿಕೆಯಲ್ಲಿ ವಿಕ್ರಮ ಸಂವತ್ 1100ರಲ್ಲಿ, ಅಂದರೆ ಕ್ರಿ.ಶ. 1043ರ ಸುಮಾರಿಗೆ ಮುಗಿಸಿದ. ಪರೀಕ್ಷಾಮುಖಕ್ಕೆ ‘ಪ್ರಮೇಯಕಮಲಮಾರ್ತಂಡ’ವೆಂಬ ಬೃಹತ್ ವ್ಯಾಖ್ಯಾನವನ್ನು ಬರೆದ ಪ್ರಭಾಚಂದ್ರರೂ ಅದೇ ಭೋಜನ ಕಾಲದವರು. ಆದರೆ ಗ್ರಂಥದ ಬೇರು ಮಾಳವದ್ದಲ್ಲ. ಅಕಲಂಕದೇವರ ವಚನಸಮುದ್ರವನ್ನು ಕಡೆದು ಮಾಣಿಕ್ಯನಂದಿಗಳು ಈ ಅಮೃತವನ್ನು ತೆಗೆದರೆಂದು ‘ಪ್ರಮೇಯರತ್ನಮಾಲೆ’ಯ ಕರ್ತೃ ಅನಂತವೀರ್ಯರು ಹೇಳುತ್ತಾರೆ. ಇದು ಕೇವಲ ಸ್ತುತಿಯಲ್ಲ. ಸೂತ್ರಗಳನ್ನು ಅಕಲಂಕರ ‘ಲಘೀಯಸ್ತ್ರಯ’, ‘ನ್ಯಾಯವಿನಿಶ್ಚಯ’ಗಳ ಪಕ್ಕದಲ್ಲಿ ಇಟ್ಟು ನೋಡಿದವರಿಗೆ ಋಣದ ಪ್ರಮಾಣ ಸ್ಪಷ್ಟವಾಗುತ್ತದೆ. ಹೀಗೆ ನಾವು ಹನ್ನೊಂದನೆಯ ಶತಮಾನದ ಧಾರೆಯಿಂದ ಎಂಟನೆಯ ಶತಮಾನದ ರಾಷ್ಟ್ರಕೂಟರ ನಾಡಿಗೆ ಬರಬೇಕಾಗುತ್ತದೆ.

ಅಕಲಂಕರ ಎದುರಿಗೆ ನಿಂತಿದ್ದ ಪ್ರಶ್ನೆಯನ್ನು ಅವರು ತಾವೇ ಹುಟ್ಟಿಸಿದವರಲ್ಲ. ನ್ಯಾಯಭಾಷ್ಯಕಾರ ವಾತ್ಸ್ಯಾಯನ ತನ್ನ ಗ್ರಂಥದ ಮೊದಲಲ್ಲಿಯೇ ಜ್ಞಾನವನ್ನೂ ಪ್ರವೃತ್ತಿಯನ್ನೂ ಕಟ್ಟಿಹಾಕಿದ್ದ: ಪ್ರಮಾಣದಿಂದ ವಸ್ತುವನ್ನು ತಿಳಿದವನು ಅದನ್ನು ಪಡೆಯಲೋ ಬಿಡಲೋ ಮುಂದಾಗುತ್ತಾನೆ, ಆ ಪ್ರವೃತ್ತಿ ಸಫಲವಾದರೆ ಪ್ರಮಾಣ ಸಾರ್ಥಕ. ಏಳನೆಯ ಶತಮಾನದ ಬೌದ್ಧಾಚಾರ್ಯ ಧರ್ಮಕೀರ್ತಿ ಇದನ್ನೇ ಇನ್ನಷ್ಟು ಹರಿತಗೊಳಿಸಿದ. ‘ಪ್ರಮಾಣವಾರ್ತಿಕ’ದಲ್ಲಿ ಅವನು ಪ್ರಮಾಣವನ್ನು ಅವಿಸಂವಾದಿ ಜ್ಞಾನ, ಅಂದರೆ ಮೋಸಮಾಡದ ಜ್ಞಾನ ಎಂದು ಗುರುತಿಸಿದ. ಮೋಸವೆಂದರೇನು? ಬೆಂಕಿಯೆಂದು ತಿಳಿದು ಹೋದವನಿಗೆ ಬಿಸಿ ತಾಗಬೇಕು, ಅನ್ನ ಬೇಯಬೇಕು. ವಸ್ತು ಮಾಡಬೇಕಾದ ಕೆಲಸವನ್ನು ಮಾಡುವುದೇ ಅರ್ಥಕ್ರಿಯೆ. ಆ ಅರ್ಥಕ್ರಿಯೆಗೆ ನಮ್ಮನ್ನು ಮುಟ್ಟಿಸುವ ಜ್ಞಾನ ಪ್ರಮಾಣ, ಮುಟ್ಟಿಸದಿರುವುದು ಅಪ್ರಮಾಣ. ‘ನ್ಯಾಯಬಿಂದು’ವನ್ನು ಅವನು ಆರಂಭಿಸುವುದೂ ಮನುಷ್ಯನ ಎಲ್ಲ ಪುರುಷಾರ್ಥಸಿದ್ಧಿಗೆ ಸಮ್ಯಗ್ಜ್ಞಾನವೇ ಪೂರ್ವಭಾವಿ ಎಂಬ ಮಾತಿನಿಂದ.

ಧರ್ಮಕೀರ್ತಿ ಕೊಟ್ಟ ಒಂದು ದೃಷ್ಟಾಂತ ಮುಂದಿನ ಚರ್ಚೆಗಳಲ್ಲೆಲ್ಲ ಮರುಕಳಿಸುತ್ತದೆ. ಕತ್ತಲಲ್ಲಿ ಇಬ್ಬರು ಎರಡು ಬೆಳಕುಗಳನ್ನು ಕಂಡು, ಇದು ಮಣಿ ಎಂದುಕೊಂಡು ಓಡುತ್ತಾರೆ. ಒಬ್ಬನು ಕಂಡದ್ದು ಮಣಿಯ ಕಾಂತಿಯನ್ನು, ಇನ್ನೊಬ್ಬನು ಕಂಡದ್ದು ದೀಪದ ಪ್ರಭೆಯನ್ನು. ಇಬ್ಬರೂ ತಪ್ಪಿದ್ದಾರೆ, ಏಕೆಂದರೆ ಕಾಂತಿ ಮಣಿಯಲ್ಲ, ಪ್ರಭೆಯೂ ಮಣಿಯಲ್ಲ. ಆದರೂ ಮೊದಲನೆಯವನ ಕೈಗೆ ಮಣಿ ಸಿಗುತ್ತದೆ, ಎರಡನೆಯವನ ಕೈಗೆ ಸಿಗುವುದಿಲ್ಲ. ಅನುಮಾನಜ್ಞಾನ ಮೊದಲನೆಯವನ ಜ್ಞಾನದಂತೆ: ಸ್ವರೂಪದಲ್ಲಿ ಭ್ರಾಂತಿಯಾದರೂ ವಸ್ತುವಿಗೆ ಮುಟ್ಟಿಸುವುದರಿಂದ ಪ್ರಮಾಣ. ಪ್ರಯೋಜನವಾದದ ಹೆಚ್ಚುಕಡಿಮೆ ಶುದ್ಧವಾದ ರೂಪವನ್ನು ಭಾರತೀಯ ಚಿಂತನೆಯಲ್ಲಿ ಹುಡುಕುವವರು ಇಲ್ಲಿ ನಿಲ್ಲಬೇಕು. ಜ್ಞಾನ ತಪ್ಪಾಗಿದ್ದೂ ಪ್ರಮಾಣವಾಗಬಲ್ಲದೆಂದು, ಸಫಲತೆಯ ಬಲದಿಂದ ಒಪ್ಪುವ ಧೈರ್ಯ ಧರ್ಮಕೀರ್ತಿಯದು.

ಅಕಲಂಕರು ಬೌದ್ಧಶಾಸ್ತ್ರವನ್ನು ಗುಟ್ಟಾಗಿ ಓದಿದರು, ಸಿಕ್ಕಿಬಿದ್ದಾಗ ತಮ್ಮ ನಿಕಲಂಕ ಪ್ರಾಣ ಕೊಟ್ಟ ಎಂಬ ಕಥೆ ಕಥಾಕೋಶಗಳಿಂದ ಹಿಡಿದು ಹತ್ತೊಂಬತ್ತನೆಯ ಶತಮಾನದ ದೇವಚಂದ್ರನ ‘ರಾಜಾವಳೀಕಥೆ’ಯವರೆಗೆ ಹರಿದುಬಂದಿದೆ. ಶ್ರವಣಬೆಳ್ಗೊಳದ ಚಿಕ್ಕಬೆಟ್ಟದಲ್ಲಿ ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿ ಹಿಮಶೀತಲ ರಾಜನ ಸಭೆಯ ವಾದವನ್ನೂ, ಘಟದಲ್ಲಿ ನೆಲೆಸಿದ ತಾರಾದೇವಿಯ ಪ್ರಸಂಗವನ್ನೂ, ಸಾಹಸತುಂಗನೆಂಬ ಅರಸನನ್ನು ಅಕಲಂಕರು ಸಂಬೋಧಿಸಿದ್ದನ್ನೂ ಹೇಳುತ್ತದೆ. ಶಾಸನ ಅಕಲಂಕರಿಗಿಂತ ಮುನ್ನೂರು ವರ್ಷಗಳಿಗೂ ಹೆಚ್ಚು ಈಚಿನದು. ಆದ್ದರಿಂದ ಅದನ್ನು ಪರಂಪರೆಯ ನೆನಪೆಂದು ಗೌರವಿಸಬಹುದೇ ಹೊರತು ಘಟನೆಯ ವರದಿಯೆಂದು ಓದಲಾಗದು. ಗುಟ್ಟಾಗಿ ಓದಿದರೋ ಬಹಿರಂಗವಾಗಿ ಓದಿದರೋ, ಓದಿದ್ದಂತೂ ನಿಜ. ಧರ್ಮಕೀರ್ತಿಯ ‘ಪ್ರಮಾಣವಿನಿಶ್ಚಯ’ವನ್ನು ನೆನಪಿಸುವ ‘ನ್ಯಾಯವಿನಿಶ್ಚಯ’ ಎಂಬ ಹೆಸರೇ ಅದಕ್ಕೆ ಸಾಕ್ಷಿ. ಅವಿಸಂವಾದ, ಅರ್ಥಕ್ರಿಯೆ ಎಂಬ ಪರಿಭಾಷೆಗಳನ್ನು ಅವರು ಎದುರಾಳಿಯ ಮನೆಯಿಂದಲೇ ತಂದರು. ಇದನ್ನು ಒಪ್ಪಿಕೊಳ್ಳಲು ನಮ್ಮಲ್ಲಿ ಕೆಲವರಿಗೆ ಸಂಕೋಚವಿದೆ. ಸಂಕೋಚಪಡಬೇಕಾದ ಕಾರಣ ನನಗೆ ಕಾಣುವುದಿಲ್ಲ. ತಂದ ಪದವನ್ನು ಅವರು ಏನು ಮಾಡಿದರೆಂಬುದು ಮುಖ್ಯ.

ಅವರು ಮಾಡಿದ ಮೊದಲ ಬದಲಾವಣೆ ನಿರ್ಣಯಕ್ಕೆ ಸಂಬಂಧಿಸಿದ್ದು. ಬೌದ್ಧರ ಪ್ರತ್ಯಕ್ಷ ನಿರ್ವಿಕಲ್ಪಕ; ಅದರಲ್ಲಿ ‘ಇದು ಇಂಥದು’ ಎಂಬ ಕಲ್ಪನೆಯ ಸ್ಪರ್ಶವಿಲ್ಲ. ಅಕಲಂಕರ ಆಕ್ಷೇಪ ಸರಳವಾದದ್ದು: ನಿರ್ಣಯವೇ ಇಲ್ಲದ ಜ್ಞಾನ ಯಾರನ್ನೂ ಯಾವ ಕೆಲಸಕ್ಕೂ ಮುಂದೂಡಲಾರದು. ಇದು ನೀರು ಎಂಬ ನಿಶ್ಚಯವಾಗದೆ ಬಾಯಾರಿದವನು ಹೆಜ್ಜೆ ಎತ್ತಿಡುವುದಿಲ್ಲ. ಬೌದ್ಧರು ಆ ನಿಶ್ಚಯವನ್ನು ಪ್ರತ್ಯಕ್ಷದ ಬೆನ್ನಿಗೆ ಹುಟ್ಟುವ ವಿಕಲ್ಪಕ್ಕೆ ಬಿಟ್ಟುಕೊಡುತ್ತಾರೆ. ಹಾಗಾದರೆ ವ್ಯವಹಾರವನ್ನು ನಡೆಸುವುದು ವಿಕಲ್ಪ, ಪ್ರಮಾಣವೆಂಬ ಹೆಸರು ಮಾತ್ರ ನಿರ್ವಿಕಲ್ಪಕಕ್ಕೆ. ಅವಿಸಂವಾದವನ್ನು ಅಳತೆಯಾಗಿ ಇಟ್ಟುಕೊಂಡ ಮೇಲೆ ಅದನ್ನು ನಿಜವಾಗಿ ಪೂರೈಸುವ ಸವಿಕಲ್ಪಕ ಜ್ಞಾನಕ್ಕೆ ಪ್ರಮಾಣಪದವಿಯನ್ನು ನಿರಾಕರಿಸುವುದು ಹೇಗೆ? ಧರ್ಮಕೀರ್ತಿಯ ಅಳತೆಗೋಲಿನಿಂದಲೇ ಧರ್ಮಕೀರ್ತಿಯನ್ನು ಅಳೆದ ರೀತಿ ಇದು.

ಎರಡನೆಯ ಬದಲಾವಣೆ ಇನ್ನೂ ಆಳವಾದದ್ದು. ನನ್ನ ದೃಷ್ಟಿಯಲ್ಲಿ ಜೈನ ಪ್ರಮಾಣಚಿಂತನೆಗೆ ಅಕಲಂಕರ ಅತ್ಯಂತ ಸ್ವೋಪಜ್ಞವಾದ ಕೊಡುಗೆ ಅದೇ. ಕಣ್ಣಿಗೆ ತಿಮಿರರೋಗ ತಗುಲಿದವನಿಗೆ ಆಕಾಶದಲ್ಲಿ ಎರಡು ಚಂದ್ರರು ಕಾಣುತ್ತಾರೆ. ಈ ಜ್ಞಾನ ಪ್ರಮಾಣವೋ ಅಪ್ರಮಾಣವೋ? ಉಳಿದ ದರ್ಶನಗಳೆಲ್ಲ ಭ್ರಾಂತಿಯ ಉದಾಹರಣೆಯಾಗಿ ಕೊಡುವುದು ಇದನ್ನೇ. ಅಕಲಂಕರು ಅಲ್ಲಿಗೆ ನಿಲ್ಲುವುದಿಲ್ಲ. ಆ ಮನುಷ್ಯ ಕಂಡದ್ದು ಚಂದ್ರನನ್ನು. ಬೆಳ್ಳಗಿರುವುದು, ಹೊಳೆಯುವುದು, ಆಕಾಶದಲ್ಲಿರುವುದು ಇವೆಲ್ಲ ನಿಜ. ತಪ್ಪಿದ್ದು ಸಂಖ್ಯೆಯಲ್ಲಿ ಮಾತ್ರ. ಆದುದರಿಂದ ಯಾವ ಅಂಶದಲ್ಲಿ ಅದು ವಿಸಂವಾದಿಯಲ್ಲವೋ ಆ ಅಂಶದಲ್ಲಿ ಪ್ರಮಾಣ, ಯಾವ ಅಂಶದಲ್ಲಿ ವಿಸಂವಾದಿಯೋ ಆ ಅಂಶದಲ್ಲಿ ಅಪ್ರಮಾಣ. ‘ಲಘೀಯಸ್ತ್ರಯ’ದಲ್ಲಿಯೂ, ಸಮಂತಭದ್ರರ ‘ಆಪ್ತಮೀಮಾಂಸೆ’ಗೆ ಬರೆದ ‘ಅಷ್ಟಶತೀ’ ವೃತ್ತಿಯಲ್ಲಿಯೂ ಅವರು ಈ ವಿಚಾರವನ್ನು ಮಂಡಿಸುತ್ತಾರೆ. ಆರೋಗ್ಯವಂತನ ಕಣ್ಣು ಕೂಡ ಚಂದ್ರನನ್ನು ಹತ್ತಿರದಲ್ಲಿರುವಂತೆ, ಚಿಕ್ಕದಾಗಿ ಕಾಣುತ್ತದೆಯಾದ್ದರಿಂದ ನಮ್ಮ ಪ್ರತ್ಯಕ್ಷವೂ ಸರ್ವಾಂಶದಲ್ಲಿ ನಿರ್ದುಷ್ಟವಲ್ಲ.

ಹಾಗಾದರೆ ಒಂದು ಜ್ಞಾನವನ್ನು ಪ್ರಮಾಣ, ಇನ್ನೊಂದನ್ನು ಭ್ರಾಂತಿ ಎಂದು ಕರೆಯುವ ಲೋಕರೂಢಿಗೆ ಏನು ಗತಿ? ಇದಕ್ಕೆ ಅಕಲಂಕರ ಉತ್ತರ ಗಂಧದ್ರವ್ಯದ ದೃಷ್ಟಾಂತ. ಕಸ್ತೂರಿಯಂಥ ದ್ರವ್ಯದಲ್ಲಿ ರೂಪ, ರಸ, ಸ್ಪರ್ಶ ಎಲ್ಲವೂ ಇವೆ. ಆದರೂ ಗಂಧ ಮಿಗಿಲಾಗಿರುವುದರಿಂದ ಅದನ್ನು ಗಂಧದ್ರವ್ಯವೆನ್ನುತ್ತೇವೆ. ಹಾಗೆಯೇ ಅವಿಸಂವಾದ ಮಿಗಿಲಾಗಿರುವ ಜ್ಞಾನಕ್ಕೆ ಪ್ರಮಾಣವೆಂಬ ಹೆಸರು ಸಲ್ಲುತ್ತದೆ. ಇದೊಂದು ಸಣ್ಣ ಹೋಲಿಕೆ. ಆದರೆ ಪ್ರಾಮಾಣ್ಯವನ್ನು ಹೌದು–ಅಲ್ಲಗಳ ಪ್ರಶ್ನೆಯಾಗಿಯೇ ನೋಡುತ್ತಿದ್ದ ವಾದರಂಗದಲ್ಲಿ ಅದನ್ನು ಪ್ರಕರ್ಷದ, ಅಂದರೆ ಹೆಚ್ಚುಕಡಿಮೆಯ ಪ್ರಶ್ನೆಯಾಗಿಸಿದ್ದು ಈ ಹೋಲಿಕೆಯೇ. ಅನೇಕಾಂತವನ್ನು ವಸ್ತುವಿಗೆ ಅನ್ವಯಿಸುವುದು ಹಿಂದಿನಿಂದ ಬಂದ ಕ್ರಮ. ಅಕಲಂಕರು ಅದನ್ನು ವಸ್ತುವನ್ನು ತಿಳಿಯುವ ಜ್ಞಾನಕ್ಕೂ ಅನ್ವಯಿಸಿದರು. ಧರ್ಮಕೀರ್ತಿಯ ಮಣಿಪ್ರಭೆಯ ದೃಷ್ಟಾಂತವನ್ನು ಈಗ ಮತ್ತೆ ನೋಡಬಹುದು. ಮಣಿಯ ಕಾಂತಿಯನ್ನು ಕಂಡವನು ದಿಕ್ಕಿನಲ್ಲಿ ತಪ್ಪಲಿಲ್ಲ, ಬೆಳಕಿನ ಆಶ್ರಯವಾದ ವಸ್ತುವಿನ ಇರುವಿಕೆಯಲ್ಲಿ ತಪ್ಪಲಿಲ್ಲ. ಕಾಂತಿಯನ್ನೇ ಮಣಿಯೆಂದದ್ದರಲ್ಲಿ ತಪ್ಪಿದ. ಅವನ ಗೆಲುವಿಗೆ ಕಾರಣ ಅವನ ತಪ್ಪಲ್ಲ, ತಪ್ಪಿನೊಳಗಿದ್ದ ಸರಿ. ಈ ವಿಶ್ಲೇಷಣೆ ನನ್ನದು. ಆದರೆ ಅಕಲಂಕರ ಸೂತ್ರವನ್ನು ಹಿಡಿದು ಹೊರಟವರು ಬೇರೆಡೆಗೆ ಹೋಗಲಾರರು. ಸಫಲತೆ ಭ್ರಾಂತಿಯನ್ನು ಪ್ರಮಾಣವಾಗಿಸುವುದಿಲ್ಲ. ಭ್ರಾಂತಿಯಲ್ಲಿ ಅಡಗಿದ್ದ ಪ್ರಾಮಾಣ್ಯದ ಅಂಶವನ್ನು ಅದು ಹೊರಗೆಡಹುತ್ತದೆ.

ಇನ್ನು ಸಫಲತೆಯ ವಾದಕ್ಕೆ ಎದುರಾದ ದೊಡ್ಡ ತೊಡಕಿನ ಕಡೆಗೆ ಬರೋಣ. ಪ್ರವೃತ್ತಿ ಸಫಲವಾದ ಮೇಲೆಯೇ ಜ್ಞಾನ ಪ್ರಮಾಣವೆಂದು ತಿಳಿಯುವುದಾದರೆ, ಪ್ರವೃತ್ತಿಗೆ ಮೊದಲು ಯಾವ ಧೈರ್ಯದಿಂದ ಹೆಜ್ಜೆಯಿಡುವುದು? ಸಫಲವಾಯಿತೆಂಬುದೂ ಒಂದು ಜ್ಞಾನವೇ. ಅದರ ಪ್ರಾಮಾಣ್ಯವನ್ನು ಯಾರು ಹೇಳಬೇಕು? ಕನಸಿನಲ್ಲಿಯೂ ನೀರು ಕುಡಿದು ತಣಿಯುತ್ತೇವಲ್ಲ! ಮೀಮಾಂಸಕ ಕುಮಾರಿಲ ‘ಶ್ಲೋಕವಾರ್ತಿಕ’ದಲ್ಲಿ ಈ ಅನವಸ್ಥೆಯನ್ನು ಎತ್ತಿ ತೋರಿಸಿ, ಎಲ್ಲೋ ಒಂದು ಕಡೆ ಸ್ವತಃಪ್ರಾಮಾಣ್ಯವನ್ನು ಒಪ್ಪಬೇಕಾದವರು ಮೊದಲ ಜ್ಞಾನದ ಮೇಲೆಯೇ ಏಕೆ ಮುನಿಯಬೇಕೆಂದು ಕೇಳುತ್ತಾನೆ. ಅವನ ಮತದಲ್ಲಿ ಜ್ಞಾನ ಹುಟ್ಟುವಾಗಲೇ ಪ್ರಮಾಣ. ಬಾಧಕ ಬಂದಾಗ ಮಾತ್ರ ಅಪ್ರಮಾಣ. ವೇದಪ್ರಾಮಾಣ್ಯವನ್ನು ಉಳಿಸಿಕೊಳ್ಳುವ ಉದ್ದೇಶ ಇದರ ಹಿಂದಿತ್ತೆಂಬುದು ಗುಟ್ಟಿನ ಮಾತಲ್ಲ. ಆದರೂ ವಾದದ ಬಿಗಿಯನ್ನು ಉದ್ದೇಶದ ಹೆಸರಿನಲ್ಲಿ ತಳ್ಳಿಹಾಕುವಂತಿಲ್ಲ.

ಪರೀಕ್ಷಾಮುಖದ ಮೊದಲ ಸಮುದ್ದೇಶ ಮುಗಿಯುವುದು ಈ ವಿವಾದಕ್ಕೆ ಉತ್ತರ ಹೇಳುವ ಸೂತ್ರದಿಂದ: ಪ್ರಾಮಾಣ್ಯ ಸ್ವತಃ ಕೂಡ, ಪರತಃ ಕೂಡ. ಮೇಲುನೋಟಕ್ಕೆ ಇದು ಇಬ್ಬರನ್ನೂ ಸಮಾಧಾನಪಡಿಸುವ ರಾಜಿಯಂತೆ ಕಾಣುತ್ತದೆ. ವ್ಯಾಖ್ಯಾನಕಾರರು ಬಿಡಿಸಿದಾಗ ಅದರ ಹುರುಳು ತಿಳಿಯುತ್ತದೆ. ಪ್ರಾಮಾಣ್ಯದ ಉತ್ಪತ್ತಿ ಯಾವಾಗಲೂ ಪರತಃ; ಕಣ್ಣಿನ ನಿರ್ಮಲತೆಯಂಥ ಗುಣಗಳಿಂದ ಅದು ಬರುತ್ತದೆ. ಪ್ರಾಮಾಣ್ಯದ ತಿಳಿವಳಿಕೆಯಾದರೋ ಅಭ್ಯಾಸವಿರುವಲ್ಲಿ ಸ್ವತಃ, ಅಭ್ಯಾಸವಿಲ್ಲದಲ್ಲಿ ಪರತಃ. ತನ್ನೂರಿನ ಕೆರೆಯ ನೀರನ್ನು ನೋಡಿದವನು ಇದು ನೀರು ಹೌದೋ ಅಲ್ಲವೋ ಎಂದು ನಿಂತು ಯೋಚಿಸುವುದಿಲ್ಲ. ಅಪರಿಚಿತವಾದ ಸೀಮೆಯಲ್ಲಿ, ಬಿಸಿಲಿನಲ್ಲಿ, ದೂರದಲ್ಲಿ ನೀರಿನಂಥದು ಹೊಳೆದರೆ ಅದು ಬಿಸಿಲ್ಗುದುರೆಯೂ ಆಗಿರಬಹುದು. ಆಗ ಅವನು ಬೇರೆ ಗುರುತುಗಳನ್ನು ಅರಸುತ್ತಾನೆ: ಕೊಡ ಹೊತ್ತು ಬರುತ್ತಿರುವ ಹೆಂಗಸರ ಗುಂಪು, ಕಪ್ಪೆಗಳ ವಟಗುಟ್ಟುವಿಕೆ, ತಾವರೆಯ ಕಂಪು. ಈ ಗುರುತುಗಳನ್ನು ‘ಪ್ರಮೇಯರತ್ನಮಾಲೆ’ ಹೆಸರಿಸುತ್ತದೆ. ಇವು ನೀರಿಗಿಂತ ಹೆಚ್ಚು ಪರಿಚಿತವಾದವು. ಇವುಗಳ ಜ್ಞಾನ ಅಭ್ಯಾಸದ ಬಲದಿಂದ ತಾನಾಗಿಯೇ ನಿಲ್ಲುತ್ತದೆ. ಹೀಗಾಗಿ ಅನವಸ್ಥೆ ಮುಂದುವರಿಯುವುದಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕಪ್ಪೆಯ ದನಿಯೂ ತಾವರೆಯ ಕಂಪೂ ನೀರನ್ನು ಕುಡಿಯುವುದಕ್ಕೆ ಮೊದಲೇ ದೊರೆಯುವ ಸಾಕ್ಷ್ಯಗಳು. ಪ್ರಾಮಾಣ್ಯವನ್ನು ತಿಳಿಯಲು ಪ್ರವೃತ್ತಿ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಸಫಲಪ್ರವೃತ್ತಿ ಒಂದು ಗುರುತು, ಒಂದೇ ಗುರುತಲ್ಲ. ಬೌದ್ಧರಲ್ಲಿಯೂ ಶಾಂತರಕ್ಷಿತ, ಕಮಲಶೀಲರು ಕೆಲವು ಜ್ಞಾನಗಳಿಗೆ ಸ್ವತಃಪ್ರಾಮಾಣ್ಯವನ್ನೂ ಕೆಲವಕ್ಕೆ ಪರತಃಪ್ರಾಮಾಣ್ಯವನ್ನೂ ಒಪ್ಪಿದ್ದಾರೆ. ಆದುದರಿಂದ ಈ ಸೂತ್ರದ ನಿಲುವು ಜೈನರ ಸೊತ್ತು ಮಾತ್ರವೆಂದು ಹೇಳುವುದು ಸರಿಯಾಗದು. ಪ್ರಾಮಾಣ್ಯವನ್ನು ಅಮೂರ್ತವಾದ ಧರ್ಮವಾಗಿ ಬಿಡದೆ ತಿಳಿಯುವವನ ಬದುಕಿನ ಪರಿಚಯದೊಡನೆ, ಅವನ ಊರು, ದಾರಿ, ಕೆರೆಗಳೊಡನೆ ಹೊಂದಿಸಿದ್ದು ಈ ಚರ್ಚೆಯ ಸೊಗಸು.

ಸ್ಮೃತಿಯ ವಿಷಯದಲ್ಲಿ ಜೈನರ ನಿಲುವು ಸ್ಪಷ್ಟವಾಗಿಯೇ ಪ್ರತ್ಯೇಕವಾದದ್ದು. ನೈಯಾಯಿಕರು, ಮೀಮಾಂಸಕರು, ಬೌದ್ಧರು ಮೂವರೂ ಸ್ಮೃತಿಯನ್ನು ಪ್ರಮಾಣವೆಂದು ಒಪ್ಪುವುದಿಲ್ಲ. ಹಿಂದೆ ತಿಳಿದುದನ್ನೇ ಮತ್ತೆ ತಿಳಿಯುವುದರಲ್ಲಿ ಹೊಸತೇನೂ ಇಲ್ಲ, ವಸ್ತುವೂ ಎದುರಿಗಿಲ್ಲ ಎಂಬುದು ಅವರ ಕಾರಣ. ಅಕಲಂಕರು ಸ್ಮೃತಿ, ಪ್ರತ್ಯಭಿಜ್ಞಾನ, ತರ್ಕ, ಅನುಮಾನ, ಆಗಮ ಎಂಬ ಐದನ್ನು ಪರೋಕ್ಷಪ್ರಮಾಣದಲ್ಲಿ ಸೇರಿಸಿದರು. ಹನ್ನೆರಡನೆಯ ಶತಮಾನದಲ್ಲಿ ಗುಜರಾತಿನ ಹೇಮಚಂದ್ರಾಚಾರ್ಯರು ‘ಪ್ರಮಾಣಮೀಮಾಂಸೆ’ಯಲ್ಲಿ ಇದನ್ನು ಸಮರ್ಥಿಸುವಾಗ ಕೊಡುವ ಕಾರಣ ಮನೆಮನೆಯ ಅನುಭವ: ತಾನೇ ಬಚ್ಚಿಟ್ಟ ವಸ್ತುವನ್ನು ಮನುಷ್ಯ ನೆನಪಿನ ಬಲದಿಂದ ಹುಡುಕಿ ತೆಗೆಯುತ್ತಾನೆ. ನೆನಪು ಮೋಸಮಾಡಲಿಲ್ಲ, ಆದುದರಿಂದ ಪ್ರಮಾಣ. ಅವಿಸಂವಾದವೇ ಅಳತೆಯಾದರೆ ಹೊಸತನದ ನಿಯಮವನ್ನು ತಂದು ಅಡ್ಡ ಹಾಕುವುದೇಕೆ? ಹೇಮಚಂದ್ರರು ತಮ್ಮ ಲಕ್ಷಣದಿಂದ ‘ಅಪೂರ್ವ’ ಎಂಬ ವಿಶೇಷಣವನ್ನೇ ಕೈಬಿಟ್ಟಿದ್ದಾರೆ. ಮಾಣಿಕ್ಯನಂದಿಗಳು ಅದನ್ನು ಉಳಿಸಿಕೊಂಡೂ ದಾರಿ ಮಾಡಿಕೊಂಡರು: ಹಿಂದೆ ನೋಡಿದ ವಸ್ತುವಾದರೂ ಅದರ ಬಗ್ಗೆ ನಡುವೆ ಸಂಶಯ, ವಿಪರ್ಯಾಸಗಳಂಥ ಸಮಾರೋಪ ತಲೆಹಾಕಿದ್ದರೆ ಅದು ಮತ್ತೆ ಅಪೂರ್ವವೇ.

ಬಚ್ಚಿಟ್ಟ ನಿಧಿಯ ಉದಾಹರಣೆಯನ್ನು ಹಿಡಿದು, ಇದು ವರ್ತಕಸಮುದಾಯದ ತತ್ತ್ವಜ್ಞಾನ, ಕೊಡುಕೊಳ್ಳುವಿಕೆಯ ಲೆಕ್ಕವೇ ಇಲ್ಲಿ ಪ್ರಮಾಣಶಾಸ್ತ್ರವಾಗಿದೆ ಎಂದು ಹೇಳುವ ಚಪಲ ಕೆಲವರಿಗೆ ಬರಬಹುದು. ಜೈನ ನ್ಯಾಯಗ್ರಂಥಗಳ ದೃಷ್ಟಾಂತಗಳು ನೀರು, ಬೆಂಕಿ, ಹೊಗೆ, ಹಾವು, ಮೋಟುಮರ, ಕಪ್ಪೆಚಿಪ್ಪು. ಇವು ಎಲ್ಲ ದರ್ಶನಗಳಿಗೂ ಸಾಧಾರಣವಾದವು. ಬರೆದವರು ಅಪರಿಗ್ರಹ ಮಹಾವ್ರತವನ್ನು ಕೈಕೊಂಡ ಮುನಿಗಳು. ಸಾಮಾಜಿಕ ಹಿನ್ನೆಲೆಯಿಂದ ತರ್ಕವನ್ನು ವಿವರಿಸುವ ಮೊದಲು ತರ್ಕವನ್ನು ಓದಬೇಕು.

ಈಗ ಪ್ರಮಾಣದ ಫಲವೇನೆಂಬ ಪ್ರಶ್ನೆ. ಪ್ರಯೋಜನವಾದದ ಹಣೆಪಟ್ಟಿ ಸಡಿಲವಾಗುವುದು ಇಲ್ಲಿ.

ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಜ್ಞಾನದ ಫಲವನ್ನು ಹೇಳುವಾಗ ಎರಡು ಮಾತುಗಳನ್ನು ಬಳಸುತ್ತಾರೆ: ಉಪೇಕ್ಷೆ ಮತ್ತು ಅಜ್ಞಾನನಾಶ. ಉಪೇಕ್ಷೆಯೆಂದರೆ ರಾಗದ್ವೇಷಗಳಲ್ಲಿ ಮನಸ್ಸನ್ನು ತೊಡಗಿಸದಿರುವುದು. ಸಮಂತಭದ್ರರು ‘ಆಪ್ತಮೀಮಾಂಸೆ’ಯಲ್ಲಿ ಇದನ್ನು ವಿಂಗಡಿಸುತ್ತಾರೆ. ಕೇವಲಜ್ಞಾನದ ಫಲ ಉಪೇಕ್ಷೆ; ಉಳಿದ ಜ್ಞಾನಗಳ ಫಲ ಸ್ವೀಕರಿಸುವ ಮತ್ತು ಬಿಡುವ ಬುದ್ಧಿ, ಜೊತೆಗೆ ಉಪೇಕ್ಷೆ ಕೂಡ; ತನ್ನ ವಿಷಯದಲ್ಲಿ ಅಜ್ಞಾನವನ್ನು ಕಳೆಯುವುದು ಎಲ್ಲ ಜ್ಞಾನಗಳಿಗೂ ಸಮಾನ. ಸಿದ್ಧಸೇನರ ‘ನ್ಯಾಯಾವತಾರ’ ಅಜ್ಞಾನನಿವೃತ್ತಿಯನ್ನು ಸಾಕ್ಷಾತ್ ಫಲವೆಂದು ಕರೆದು, ಕೇವಲಿಯ ವಿಷಯದಲ್ಲಿ ಸುಖವನ್ನೂ ಉಪೇಕ್ಷೆಯನ್ನೂ ಹೇಳುತ್ತದೆ. ಮಾಣಿಕ್ಯನಂದಿಗಳು ಐದನೆಯ ಸಮುದ್ದೇಶದಲ್ಲಿ ಅಜ್ಞಾನನಿವೃತ್ತಿ, ಹಾನ, ಉಪಾದಾನ, ಉಪೇಕ್ಷೆ ಎಂದು ಒಟ್ಟಿಗೆ ಎಣಿಸುತ್ತಾರೆ. ಬಿಡುವುದು, ಪಡೆಯುವುದು, ಸುಮ್ಮನಿರುವುದು.

ಮೂರನೆಯದಾದ ಈ ‘ಸುಮ್ಮನಿರುವುದು’ ಸಣ್ಣ ಸೇರ್ಪಡೆಯಲ್ಲ. ಧರ್ಮಕೀರ್ತಿಯ ವ್ಯಾಖ್ಯಾನಕಾರ ಧರ್ಮೋತ್ತರ ‘ನ್ಯಾಯಬಿಂದು’ವಿನ ಟೀಕೆಯಲ್ಲಿ ಇದನ್ನು ಸ್ಪಷ್ಟವಾಗಿ ನಿರಾಕರಿಸಿದ್ದಾನೆ. ವಸ್ತುಗಳು ಹೇಯ, ಉಪಾದೇಯ ಎಂಬ ಎರಡೇ ರಾಶಿ. ಉಪೇಕ್ಷಣೀಯವಾದುದು ಸ್ವೀಕರಿಸುವಂಥದಲ್ಲವಾದ್ದರಿಂದ ಹೇಯದಲ್ಲಿಯೇ ಸೇರುತ್ತದೆ ಎಂಬುದು ಅವನ ವಾದ. ಅವನಿಗೆ ಹೀಗೆ ಹೇಳಬೇಕಾದ ಒತ್ತಡವಿತ್ತು. ಅರ್ಥಕ್ರಿಯೆಗೆ ಮುಟ್ಟಿಸುವುದೇ ಪ್ರಾಮಾಣ್ಯವಾದರೆ, ಯಾವ ಕ್ರಿಯೆಗೂ ಒಯ್ಯದ ಜ್ಞಾನ ಪ್ರಮಾಣವಾಗುವುದು ಹೇಗೆ? ಇದಕ್ಕೆ ಎದುರಾಗಿ ವಾತ್ಸ್ಯಾಯನನೇ ಹಾನ, ಉಪಾದಾನಗಳ ಜೊತೆಗೆ ಉಪೇಕ್ಷೆಯನ್ನೂ ಫಲದಲ್ಲಿ ಎಣಿಸಿದ್ದ. ಆದುದರಿಂದ ಮೂರರ ಎಣಿಕೆ ಜೈನರಿಗೆ ಮಾತ್ರ ಸೇರಿದ್ದಲ್ಲ. ಆದರೆ ನೈಯಾಯಿಕರಲ್ಲಿ ಉಪೇಕ್ಷೆ ದಾರಿಬದಿಯ ವಸ್ತುವಿನ ಬಗೆಗಿನ ಉದಾಸೀನ. ಜೈನರಲ್ಲಿ ಅದು ಜ್ಞಾನದ ಪರಾಕಾಷ್ಠೆಯಾದ ಕೇವಲಜ್ಞಾನದ ಫಲ. ಎಲ್ಲವನ್ನೂ ತಿಳಿದವನಿಗೆ ಪಡೆಯಬೇಕಾದದ್ದು ಇಲ್ಲ, ಬಿಡಬೇಕಾದದ್ದೂ ಇಲ್ಲ. ಅವನ ಜ್ಞಾನ ಯಾವ ಪ್ರವೃತ್ತಿಯನ್ನೂ ಹುಟ್ಟಿಸುವುದಿಲ್ಲ, ಆದರೂ ಅದಕ್ಕಿಂತ ಮಿಗಿಲಾದ ಪ್ರಮಾಣವಿಲ್ಲ. ಪ್ರಯೋಜನವೇ ಪ್ರಾಮಾಣ್ಯವೆಂಬ ಸಿದ್ಧಾಂತ ಕೇವಲಜ್ಞಾನವನ್ನು ಒಪ್ಪಿದ ದರ್ಶನದಲ್ಲಿ ಕಾಲೂರುವುದಕ್ಕೇ ಆಗದು.

ಉಪೇಕ್ಷೆಯನ್ನು ಅಜಾಗರೂಕತೆಯೊಡನೆ ಬೆರೆಸಬಾರದು. ನಡೆದುಹೋಗುವಾಗ ಕಾಲಿಗೆ ಹುಲ್ಲು ತಾಗುತ್ತದೆ. ಏನೋ ತಾಗಿತು ಎಂಬಷ್ಟರಲ್ಲಿಯೇ ಮುಂದೆ ಹೋಗುತ್ತೇವೆ. ಇದನ್ನು ಪರೀಕ್ಷಾಮುಖದ ಆರನೆಯ ಸಮುದ್ದೇಶ ಪ್ರಮಾಣಾಭಾಸಗಳಲ್ಲಿ ಸೇರಿಸುತ್ತದೆ. ಇದಕ್ಕೆ ಅನಧ್ಯವಸಾಯವೆಂದು ಹೆಸರು. ಇದು ಹುಲ್ಲು ಎಂದು ತಿಳಿದು, ಇದರಿಂದ ನನಗೆ ಆಗಬೇಕಾದದ್ದೇನೂ ಇಲ್ಲವೆಂದು ಮುಂದೆ ಹೋದರೆ ಅದು ಉಪೇಕ್ಷೆ. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ನಡಿಗೆ. ವರ್ತನೆಯ ಫಲವನ್ನಷ್ಟೇ ಅಳೆಯುವ ಸಿದ್ಧಾಂತಕ್ಕೆ ಇವೆರಡರ ನಡುವಣ ಅಂತರ ಸಿಕ್ಕುವುದಿಲ್ಲ. ಜೈನರು ಒಂದನ್ನು ಪ್ರಮಾಣಾಭಾಸವೆಂದೂ ಇನ್ನೊಂದನ್ನು ಪ್ರಮಾಣದ ಫಲವೆಂದೂ ಬೇರ್ಪಡಿಸಬಲ್ಲರು, ಏಕೆಂದರೆ ಅವರಿಗೆ ಸಾಕ್ಷಾತ್ ಫಲ ಅಜ್ಞಾನದ ನಿವೃತ್ತಿ. ಉಳಿದವು ಅದರ ಹಿಂದೆ ಬರುವಂಥವು.

ಫಲ ಪ್ರಮಾಣದಿಂದ ಭಿನ್ನವೋ ಅಭಿನ್ನವೋ ಎಂಬ ವಿವಾದವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಭಿನ್ನವೆಂದು ನೈಯಾಯಿಕರು, ಅಭಿನ್ನವೆಂದು ಬೌದ್ಧರು. ಎರಡೂ ಹೌದೆಂದು ಜೈನರು. ಅದಕ್ಕೆ ಮಾಣಿಕ್ಯನಂದಿಗಳು ಕೊಡುವ ಕಾರಣ ಮಾತ್ರ ನಮ್ಮ ವಿಷಯಕ್ಕೆ ಹತ್ತಿರವಾದದ್ದು. ಯಾರು ತಿಳಿಯುತ್ತಾನೋ ಅವನೇ ಅಜ್ಞಾನವನ್ನು ಕಳೆದುಕೊಂಡವನು, ಅವನೇ ಬಿಡುವವನು, ಪಡೆಯುವವನು, ಉಪೇಕ್ಷಿಸುವವನು ಎಂಬುದು ಎಲ್ಲರ ಅನುಭವ. ಕ್ಷಣಿಕವಾದದಲ್ಲಿ ನೀರನ್ನು ಕಂಡ ಕ್ಷಣ ಬೇರೆ, ಕುಡಿದ ಕ್ಷಣ ಬೇರೆ, ಮೋಸಹೋಗದವನು ಯಾರು? ಅವಿಸಂವಾದವೆಂಬ ಮಾತಿಗೆ ಅರ್ಥ ಬರಬೇಕಾದರೆ ಕಂಡವನೂ ಪಡೆದವನೂ ಒಬ್ಬನೇ ಆಗಿರಬೇಕು. ಧರ್ಮಕೀರ್ತಿಯಿಂದ ಎರವಲು ತಂದ ಪರಿಭಾಷೆ ಕೊನೆಗೆ ಆತ್ಮವಾದದ ಸಮರ್ಥನೆಗೆ ಒದಗಿತು.

ಪಾಶ್ಚಾತ್ಯ ಚಿಂತಕರೊಡನೆ ಹೋಲಿಕೆಯ ಬಗ್ಗೆ ಎರಡು ಮಾತು. ಅಮೆರಿಕದ ಚಾರ್ಲ್ಸ್ ಪರ್ಸ್ 1878ರಲ್ಲಿ ಒಂದು ಪರಿಕಲ್ಪನೆಯ ಅರ್ಥವನ್ನು ಅದರ ಕಾರ್ಯಪರಿಣಾಮಗಳಲ್ಲಿ ಹುಡುಕಬೇಕೆಂದ. ವಿಲಿಯಂ ಜೇಮ್ಸ್ 1907ರಲ್ಲಿ ಪ್ರಕಟವಾದ ತನ್ನ ಉಪನ್ಯಾಸಗಳಲ್ಲಿ ಅದನ್ನು ಸತ್ಯದ ಸಿದ್ಧಾಂತವಾಗಿ ಬೆಳೆಸಿದ. ವಿಚಾರವೊಂದು ಅನುಭವದಲ್ಲಿ ಪರೀಕ್ಷೆಗೆ ನಿಂತು ಸತ್ಯವಾಗುತ್ತಾ ಹೋಗುತ್ತದೆಂಬುದು ಅವನ ಮತ. ಸತ್ಯದ ಪರೀಕ್ಷೆ ಮತ್ತು ಸತ್ಯದ ಸ್ವರೂಪ ಎರಡನ್ನೂ ಜೇಮ್ಸ್ ಹತ್ತಿರಕ್ಕೆ ತರುತ್ತಾನೆ. ಭಾರತೀಯ ದಾರ್ಶನಿಕರಲ್ಲಿ ಬಹುಪಾಲು ಜನ ಅವೆರಡನ್ನು ಬೇರೆಬೇರೆಯಾಗಿಯೇ ಇರಿಸಿದರು. ನಮ್ಮ ನೆಲದಲ್ಲಿ ಪ್ರಯೋಜನವನ್ನು ಲಕ್ಷಣದೊಳಕ್ಕೆ ತಂದ ಉದಾಹರಣೆ ಬೇಕಾದರೆ ವಿಶಿಷ್ಟಾದ್ವೈತವನ್ನು ನೋಡಬೇಕು. ಶ್ರೀನಿವಾಸದಾಸನ ‘ಯತೀಂದ್ರಮತದೀಪಿಕೆ’ ಯಥಾರ್ಥಜ್ಞಾನದ ಲಕ್ಷಣದಲ್ಲಿಯೇ ವ್ಯವಹಾರಕ್ಕೆ ಅನುಗುಣವಾಗಿರುವುದನ್ನು ಸೇರಿಸಿದೆ. ಅಲ್ಲಿಯೂ ವಸ್ತು ಇದ್ದಂತೆ ತಿಳಿಯುವುದೆಂಬ ಮಾತು ಜೊತೆಗಿದೆ.

ಈಗ ಪರ���ೀಕ್ಷಾಮುಖದ ಎರಡನೆಯ ಸೂತ್ರದ ಸ್ಥಾನ ಸ್ಪಷ್ಟವಾಗುತ್ತದೆ. ಅದು ಲಕ್ಷಣವಲ್ಲ, ಹೇತು. ಮೊದಲ ಸೂತ್ರ ಪ್ರಮಾಣವನ್ನು ಜ್ಞಾನವೆಂದಿತು. ಇಂದ್ರಿಯ ಮತ್ತು ವಸ್ತುವಿನ ಸನ್ನಿಕರ್ಷವೇ ಪ್ರಮಾಣವೆನ್ನುವ ನೈಯಾಯಿಕರು, ಇಂದ್ರಿಯವೃತ್ತಿಯೆನ್ನುವ ಸಾಂಖ್ಯರು ಅದನ್ನು ಒಪ್ಪರು. ಅವರಿಗೆ ಉತ್ತರವಾಗಿ ಬಂದದ್ದು ಎರಡನೆಯ ಸೂತ್ರ. ಸನ್ನಿಕರ್ಷ ಜಡ. ಕಣ್ಣಂತೂ ವಸ್ತುವನ್ನು ಮುಟ್ಟದೆಯೇ ಕಾಣುತ್ತದೆಂಬುದು ಜೈನರ ಸಿದ್ಧಾಂತವಾದ್ದರಿಂದ ಅಲ್ಲಿ ಸನ್ನಿಕರ್ಷವೇ ಇಲ್ಲ. ಹಾವನ್ನು ಕಂಡವನು ಹಿಂದೆ ಸರಿಯುವುದು ಕಣ್ಣಿಗೂ ಹಾವಿಗೂ ಏರ್ಪಟ್ಟ ಸಂಬಂಧದಿಂದಲ್ಲ, ಹಾವೆಂಬ ಅರಿವಿನಿಂದ. ಹಿತಾಹಿತಗಳ ಮಾತು ಬಂದದ್ದು ಪ್ರಮಾಣ ಚೇತನಧರ್ಮವೆಂದು ಸಾಧಿಸುವುದಕ್ಕೆ. ಪ್ರಭಾಚಂದ್ರರು ಪ್ರಮೇಯಕಮಲಮಾರ್ತಂಡದ ಆರಂಭದಲ್ಲಿ ಕಾರಕಸಾಕಲ್ಯ, ಸನ್ನಿಕರ್ಷ, ಇಂದ್ರಿಯವೃತ್ತಿ, ಜ್ಞಾತೃವ್ಯಾಪಾರ ಎಂಬ ನಾಲ್ಕು ಪಕ್ಷಗಳನ್ನೂ ಒಂದೊಂದಾಗಿ ಎತ್ತಿ ಖಂಡಿಸುವುದು ಈ ಕಾರಣಕ್ಕೆ. ಈ ಭಾಗವನ್ನು ಬಿಟ್ಟು ಎರಡನೆಯ ಸೂತ್ರವನ್ನು ಮಾತ್ರ ಉದ್ಧರಿಸಿದಾಗ ಅದು ಜೇಮ್ಸನ ಮಾತಿನಂತೆ ಕೇಳಿಸುತ್ತದೆ.

ಈ ಶಾಸ್ತ್ರದ ಅಭ್ಯಾಸ ಕನ್ನಡ ನಾಡಿನಲ್ಲಿ ಅಕಲಂಕ, ವಿದ್ಯಾನಂದರೊಡನೆ ಮುಗಿಯಲಿಲ್ಲ. ಮೂಡುಬಿದಿರೆಯ ಭಂಡಾರಗಳಲ್ಲಿ ಸಂಸ್ಕೃತ ನ್ಯಾಯಗ್ರಂಥಗಳು ಕನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದವು. ಶ್ರವಣಬೆಳ್ಗೊಳದ ಚಾರುಕೀರ್ತಿ ಪಂಡಿತಾಚಾರ್ಯರು ‘ಪ್ರಮೇಯರತ್ನಾಲಂಕಾರ’ದಲ್ಲಿ ಪರೀಕ್ಷಾಮುಖದ ವಿಚಾರಗಳನ್ನು ನವ್ಯನ್ಯಾಯದ ಕಾಲದ ಓದುಗರಿಗಾಗಿ ಮತ್ತೆ ವಿವರಿಸಿದರು. ಮೂಲಗ್ರಂಥವನ್ನು ಓದುವ ವಿದ್ಯಾರ್ಥಿಗಳು ಅದರ ಉಪಸಂಹಾರಪದ್ಯವನ್ನು ಗಮನಿಸಬೇಕು. ಮಾಣಿಕ್ಯನಂದಿಗಳು ತಮ್ಮನ್ನು ಬಾಲನೆಂದು ಕರೆದುಕೊಂಡು, ತಮ್ಮ ಕೃತಿಯನ್ನು ಹೇಯ ಮತ್ತು ಉಪಾದೇಯ ತತ್ತ್ವಗಳಿಗೆ ಹಿಡಿದ ಕನ್ನಡಿಯೆಂದು ಬಣ್ಣಿಸುತ್ತಾರೆ. ಐದನೆಯ ಸಮುದ್ದೇಶದಲ್ಲಿ ತಾವೇ ಎಣಿಸಿದ ಉಪೇಕ್ಷೆಯನ್ನು ಅಲ್ಲಿ ಹೆಸರಿಸಿಲ್ಲ. ಕನ್ನಡಿ ಬೇಕಾಗಿರುವುದು ಇನ್ನೂ ಬಿಡುವುದು, ಪಡೆಯುವುದರಲ್ಲಿ ಇರುವವರಿಗೆ.